ಕೆಂಚ್ಯಾ ತಿಂದದ್ದೇನು?

"ಬಾಯಾರ, ನಮ್ಮ ಅಕ್ಕ ವಿಷಾ ಹಾಕುವಾಕಿ ಅಲ್ರಿ!"

ಬಂದವನು ಹೊಸ್ತಿಲಾಚೆಯೇ ನಿಂತು ಇಷ್ಟು ಹೇಳಿದ. ನಮಸ್ಕಾರವಿಲ್ಲ, ಹೆಸರಿಲ್ಲ, ಊರಿಲ್ಲ. ವಿಜಯಪುರದ ಜೋರಾಪುರ ಪೇಟೆಯ ಆ ಮನೆಯ ಕಟ್ಟೆಯ ಮೇಲೆ ಕೂತು ತುಕಾರಾಮ ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದ. 'ವಿಷ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಿಸ್ಕೀಟು ಕೈಜಾರಿ ಬಟ್ಟಲಲ್ಲಿ ಮುಳುಗಿತು. ಮುಳುಗಲಿ ಎಂದುಕೊಂಡ. ಒಂದೂವರೆ ತಿಂಗಳಿಂದ ಈ ಮನೆಗೆ ಬಂದವರೆಲ್ಲ ಸಕ್ಕರೆ ಕಾಯಿಲೆಗೆ ಏನು ಉಣ್ಣಬೇಕು, ಏನು ಬಿಡಬೇಕು ಎಂದು ಕೇಳಲು ಬಂದವರೇ. ಅವನಿಗೆ ಸಾಕುಸಾಕಾಗಿತ್ತು.

ವಿಜಯಲಕ್ಷ್ಮೀ ಬಾಯಿಯವರು ಮೂವತ್ತೊಂದು ವರ್ಷ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಹಾರತಜ್ಞೆಯಾಗಿದ್ದವರು. ಯಾವ ರೋಗಿ ದಿಂಬಿನ ಕೆಳಗೆ ಪೇಡೆ ಬಚ್ಚಿಟ್ಟಿದ್ದಾನೆ, ಯಾರ ಹೆಂಡತಿ ಡಬ್ಬಿಯ ತಳದಲ್ಲಿ ಹೋಳಿಗೆ ತರುತ್ತಾಳೆ ಎಂಬುದನ್ನು ಮುಖ ನೋಡಿಯೇ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಕಣ್ಣು ಸುಮ್ಮನಿರಲಿಲ್ಲ. ಕಳೆದುಹೋದ ಬೋರಮಾಳ ಸರ, ಸಹಿಯಿಲ್ಲದ ಪತ್ರ, ಹೀಗೆ ಪೊಲೀಸರ ಬಳಿ ಹೋಗಲು ನಾಚುವಂಥ ಸಂಗತಿಗಳೆಲ್ಲ ಅವರ ಪಡಸಾಲೆಗೆ ಬರತೊಡಗಿದವು. ತುಕಾರಾಮ ಅವರ ಆಟೋ ಓಡಿಸುವವನು. ಪೊಲೀಸನಾಗಬೇಕೆಂದು ಹೊರಟು, ಎತ್ತರ ಎರಡು ಇಂಚು ಸಾಲದೆ, ಆಟೋ ಹಿಡಿದವನು. ಆ ಎರಡು ಇಂಚಿನ ಸಿಟ್ಟನ್ನು ಬಾಯಿಯವರ ಹಿಂದೆ ತಿರುಗಿ ತೀರಿಸಿಕೊಳ್ಳುತ್ತಿದ್ದ.

"ಒಳಗ ಬಾ ತಮ್ಮಾ. ಮೊದಲ ನೀರು ಕುಡಿ," ಎಂದರು ಬಾಯಿಯವರು.

ಅವನ ಹೆಸರು ಸೋಮು, ಬಬಲೇಶ್ವರದ ಹತ್ತಿರದ ಜೈನಾಪುರದವನು. ಅವನ ಅಕ್ಕ ಕಸ್ತೂರಿಯನ್ನು ತಿಕೋಟಾ ಕಡೆಯ ಘೋಣಸಗಿಗೆ ಕೊಟ್ಟಿದ್ದರು. ಗಂಡ ಸಿದ್ದರಾಯನಿಗೆ ಕುರಿಯೂ ಇದ್ದವು, ನಾಲ್ಕೆಕರೆ ದ್ರಾಕ್ಷಿಯೂ ಇತ್ತು. ಅತ್ತೆ ಸಾವಂತ್ರವ್ವನಿಗೆ ಸಕ್ಕರೆ ಕಾಯಿಲೆ.

"ಮೊನ್ನೆ ಐತವಾರ ಅಕ್ಕ ಗೋಧಿ ಹುಗ್ಗಿ ಮಾಡಿದ್ಲರಿ. ಅವರ ಮನಿದೇವರು ಮೈಲಾರಲಿಂಗ. ಐತವಾರ ಮನಿ ಹಿರೇರು ತಮ್ಮ ತಾಟಿನಾಗಿಂದ ಮೊದಲ ನಾಯಿಗೆ ಪಾಲು ಕೊಟ್ಟ ಆಮ್ಯಾಲ ತಾವು ಉಣ್ಣಬೇಕು. ಅತ್ತಿ ತಾಟಿನಾಗಿನ ಹುಗ್ಗಿ ತಿಂದ ನಾಯಿ, ಕೆಂಚ್ಯಾ ಅಂತ, ಸೋಮವಾರ ನಸುಕಿನಾಗ ಸತ್ತೈತಿ. ಅದ ಐತವಾರ ಸಂಜೀಕ ಅತ್ತಿಗೂ ಚಕ್ಕರ ಬಂದು ಬಿದ್ದಾಳ. ಸೊಸಿ ನನ್ನ ತಾಟಿಗೆ ವಿಷಾ ಹಾಕ್ಯಾಳ, ಮೈಲಾರಲಿಂಗ ತಾನ ನಾಯಿ ರೂಪದಾಗ ಬಂದು ನನ್ನ ಉಳಿಸ್ಯಾನ ಅಂತ ಊರತುಂಬ ಹೇಳಾಕತ್ತಾಳ. ಇವತ್ತ ಸಂಜೀ ಒಳಗ ಬಂದು ನಿಮ್ಮಕ್ಕನ ಕರಕೊಂಡ ಹೋಗು ಅಂದಾರರಿ." ಸೋಮು ನೀರಿನ ಲೋಟ ಕೆಳಗಿಟ್ಟ. "ವಿಷಾ ಹಾಕಿದಾಕಿ ಅನ್ನಿಸಿಕೊಂಡ ತವರಿಗೆ ಬಂದ್ರ ಆಕಿ ಹೆಂಗ ಬಾಳಬೇಕ್ರಿ?"

ಬಾಯಿಯವರು ಎದ್ದು ಚಪ್ಪಲಿ ಮೆಟ್ಟಿದರು. ತುಕಾರಾಮ ಅದಾಗಲೇ ಆಟೋ ಚಾಲೂ ಮಾಡಿದ್ದ.

ಸೋಮುವಿನ ಬೈಕು ಮುಂದೆ, ಆಟೋ ಹಿಂದೆ. ಇಟ್ಟಂಗಿಹಾಳ ದಾಟುವಷ್ಟರಲ್ಲಿ ತುಕಾರಾಮ ಮೂವರನ್ನು ಅಪರಾಧಿ ಮಾಡಿ ಇಬ್ಬರನ್ನು ಬಿಡುಗಡೆಯೂ ಮಾಡಿದ್ದ. "ದ್ರಾಕ್ಷಿ ಹುಳಕ್ಕ ಹೊಡಿಯೋ ಎಣ್ಣಿ ಇರಬೇಕ್ರಿ ಅಕ್ಕಾರ. ಆ ಕಡೆ ಮನಿಗೊಂದು ಡಬ್ಬಿ ಇರ್ತಾವ," ಎಂದ.

"ನಾಯಿ ಮಧ್ಯಾಹ್ನ ತಿಂದದ ತುಕಾರಾಮ, ಸತ್ತದ್ದು ಮರುದಿನ ನಸುಕಿನಾಗ. ಅದನ್ನ ತಲಿಯೊಳಗ ಇಟ್ಕೊ," ಎಂದರು ಬಾಯಿಯವರು. ಅವನು ಇಟ್ಟುಕೊಂಡ. ಆದರೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಘೋಣಸಗಿಯ ಮನೆಯ ಪಡಸಾಲೆಯಲ್ಲಿ ಕಸ್ತೂರಿಯ ಟ್ರಂಕು ಕಟ್ಟಿ ಸಿದ್ಧವಾಗಿತ್ತು. ಅದರ ಪಕ್ಕದಲ್ಲೇ ಅವಳು ಗೋಡೆಗೆ ಒರಗಿ ಕೂತಿದ್ದಳು. ಅತ್ತು ಅತ್ತು ಮುಗಿದ ಮೇಲಿನ ಮುಖ ಅದು. ಸಾವಂತ್ರವ್ವ ಹೊರಸಿನ ಮೇಲೆ ಮಲಗಿದ್ದಳು. ಸಿದ್ದರಾಯ ಹೆಂಡತಿಯ ಕಡೆಗೂ ನೋಡದೆ ತಾಯಿಯ ಕಡೆಗೂ ನೋಡದೆ ಕಂಬಕ್ಕೆ ಆತು ನಿಂತಿದ್ದ.

ಬಾಯಿಯವರು ಮೊದಲು ಕೇಳಿದ್ದು, ಬಿದ್ದ ಮುದುಕಿಯನ್ನು ಒಯ್ದಿದ್ದ ತಿಕೋಟಾ ಆಸ್ಪತ್ರೆಯ ಚೀಟಿಯನ್ನು. ನೋಡಿ ಮಡಚಿದರು. "ರಕ್ತದಾಗ ಸಕ್ಕರಿ ನಾಕನೂರಾ ಹನ್ನೆರಡು. ಇದರಾಗ ವಿಷ ಇಲ್ಲ, ಸಕ್ಕರಿ ಅದ."

"ಅದನ್ನೂ ಈಕೀನ ಹಾಕ್ಯಾಳ," ಎಂದಳು ಸಾವಂತ್ರವ್ವ, ಮಲಗಿದಲ್ಲಿಂದಲೇ.

"ನಾನು ಚಹಾಕ್ಕ ಸೈತ ಸಕ್ಕರಿ ಹಾಕಂಗಿಲ್ರಿ ಬಾಯಾರ," ಎಂದಳು ಕಸ್ತೂರಿ. "ಹುಗ್ಗೀನೂ ಒಂದ ಚಮಚಾ ಬಡಿಸಿದ್ದೆ, ನಾಯಿ ಪಾಲಿಗೆ ಆಗ್ಲಿ ಅಂತ. ಅದ ಗಡಿಗ್ಯಾನ ಹುಗ್ಗಿ ನಾವೂ ಉಂಡೇವಿ."

ನಾಯಿ ಹೇಗೆ ಸತ್ತಿತು ಎಂದು ಸಿದ್ದರಾಯನನ್ನು ಕೇಳಿದರು. ಸಂಜೆ ನಾಲ್ಕಕ್ಕೆ ಕೆಂಚ್ಯಾ ಸುಮ್ಮಸುಮ್ಮನೆ ಅಂಗಳದ ತುಂಬ ಓಡತೊಡಗಿತಂತೆ. ನಾಲಿಗೆ ಹೊರಗೆ, ತೇಕು, ಎಷ್ಟು ನೀರಿಟ್ಟರೂ ಸಾಲದು. ಎರಡು ಸಲ ವಾಂತಿ ಮಾಡಿತು. ಕತ್ತಲಾಗುವ ಹೊತ್ತಿಗೆ ಮೈ ನಡುಗಿ ಕಾಲು ಸೆಟೆದವು. "ಎದಿ ಮ್ಯಾಲ ಕೈ ಇಟ್ರ ಎದಿ ಹಲಗಿ ಬಡದಂಗ ಬಡಕೊಳ್ಳಾಕತ್ತಿತ್ರಿ," ಎನ್ನುವಾಗ ಆ ಗಟ್ಟಿ ಆಳಿನ ಕಣ್ಣಲ್ಲಿ ನೀರು ಬಂತು.

ಅಂಗಳದ ಹಾಸುಗಲ್ಲಿನ ಮೇಲೆ ವಾಂತಿಯಾದಲ್ಲಿ ಬೂದಿ ಚೆಲ್ಲಿದ್ದರು. ಬಾಯಿಯವರು ಕಡ್ಡಿಯಿಂದ ಬೂದಿ ಸರಿಸಿದರು. ಕೆಳಗೆ ಒಣಗಿದ ಕಲೆ ಗಟ್ಟಿ ಕಾಫಿಯ ಬಣ್ಣದ್ದು. ಮೂಗನ್ನು ಅದರ ಹತ್ತಿರ ಒಯ್ದು ಒಂದು ಕ್ಷಣ ತಡೆದರು. ಅವರ ಹುಬ್ಬು ಮೇಲೇರಿತು.

ಅಷ್ಟರಲ್ಲಿ ಬೇಲಿಯಾಚೆಯಿಂದ ನೆರೆಮನೆಯ ಯಲಗೂರಪ್ಪ ಇಣುಕಿದ. ಕೆಂಚ್ಯಾ ಇವನ ಎರಡು ಕೋಳಿ ಹಿಡಿದಿತ್ತೆಂದೂ, ಅದಕ್ಕೆ ಇವನು 'ನಿನ್ನ ಮುಗಸ್ತೀನಿ ಲೇ' ಎಂದು ಅಂಗಳದಲ್ಲಿ ನಿಂತು ಕೂಗಿದ್ದನೆಂದೂ ಊರು ಮುಟ್ಟಿದಾಗಲೇ ಸೋಮು ಹೇಳಿದ್ದ. ತುಕಾರಾಮ ಎದೆಯುಬ್ಬಿಸಿ ಮುಂದೆ ಹೋದ. "ನಿಮ್ಮ ಮನ್ಯಾಗ ದ್ರಾಕ್ಷಿ ಎಣ್ಣಿ ಐತೇನು?"

"ಐತಿ. ಊರಾಗ ಎಲ್ಲಾರ ಮನ್ಯಾಗೂ ಐತಿ," ಎಂದ ಯಲಗೂರಪ್ಪ. "ಆದ್ರ ಕೇಳ ಯಪ್ಪಾ. ಎರಡ ವರ್ಷದ ಹಿಂದ ನಮ್ಮ ನಾಯಿ ಆ ಎಣ್ಣಿ ನೆಕ್ಕಿತ್ತು. ಬಾಯಾಗ ಸಬಕಾರದ ನೊರಿ, ಜೊಲ್ಲಂದ್ರ ಜೊಲ್ಲು. ಅರ್ಧಾ ತಾಸಿನಾಗ ಮುಗೀತು. ಕೆಂಚ್ಯಾಗ ನೊರೀನ ಬರಲಿಲ್ಲ. ನಾನ ನೋಡೇನಿ, ನಾನ ನೀರು ಕುಡಿಸೇನಿ. ಕೋಳಿ ಸಿಟ್ಟು ಕೋಳಿಗೆ, ಸಾಯೂ ನಾಯಿ ಮ್ಯಾಲ ಏನ ಸಿಟ್ಟು?"

ತುಕಾರಾಮನ ಎದೆ ಮೆಲ್ಲಗೆ ಇಳಿಯಿತು. ಬಾಯಿಯವರು ಮಾತ್ರ ತಲೆಯಾಡಿಸಿದರು.

ಅವರು ಒಳಗೆ ಬಂದು ಹೊರಸಿನ ಅಂಚಿಗೆ ಕೂತು ಸಾವಂತ್ರವ್ವನ ಕೈ ಹಿಡಿದರು. ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಬೆಳಗಿನಿಂದ ರಾತ್ರಿಯವರೆಗೆ ಒಂದೊಂದಾಗಿ ಕೇಳಿದರು. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ.

"ಮತ್ತ ಚಾಕಲೇಟ್," ಎಂದಳು ಸಾವಂತ್ರವ್ವ ಹೆಮ್ಮೆಯಿಂದ. "ಡಾಕ್ಟರ್ ಹೇಳ್ಯಾರ. ರಕ್ತಕ್ಕ ಚಲೋ ಅಂತ. ನನ್ನ ಮಗ ಪುಣೆದಿಂದ ತಂದಾನ."

"ಹೌದ್ರಿ," ಎಂದ ಸಿದ್ದರಾಯ. "ಅವ್ವ ಸಿಹಿ ಬೇಕ ಅಂತ ಭಾಳ ಹಟ ಮಾಡ್ತಿದ್ಲು. ಬಾಯಿ ಚಪಲ ಆದ್ರ ಸಕ್ಕರಿ ಕಡಿಮಿ ಇರೋ ಕಪ್ಪು ಚಾಕಲೇಟ್ ದಿನಾ ಒಂದ ಸಣ್ಣ ತುಂಡು ಕೊಡ್ರಿ ಅಂದ್ರು ವಿಜಯಪುರದ ಡಾಕ್ಟರು. ಒಣದ್ರಾಕ್ಷಿ ಮಾರಾಕ ಪುಣೆಕ್ಕ ಹೋದಾಗ ಮೂರು ತಂದೆ. ಒಂದ ತಿಂದ್ರ ಇಷ್ಟ ಗುಣಾ, ಎರಡ ತಿಂದ್ರ ಅದರ ಎರಡ ಪಟ್ಟು ಅಂತ ನಾನ ಎರಡ ತುಂಡು ಕೊಡಿಸೇನಿ. ಹತ್ತ ದಿನಾ ಆತು. ಕಸ್ತೂರಿನ ಊಟ ಆದಮ್ಯಾಲ ಅವ್ವನ ಕೈಯಾಗ ಇಡ್ತಾಳ."

"ಹೆಂಗದ್ರಿ ಅವ್ವಾರ ರುಚಿ?"

"ಏನ ಸಿಹಿ ಅಂತೀ! ಬಾಯಾಗ ಇಟ್ರ ಬೆಲ್ಲ ಕರಗಿದಂಗ ಕರಗತೈತಿ." ಮುದುಕಿಯ ಮುಖವೂ ಕರಗಿತು.

ಬಾಯಿಯವರು ಕುಡಿಯಲು ನೀರು ಬೇಕೆಂದು ತಾವೇ ಎದ್ದು ಹೋದರು. ನೀರಿನ ಹರವಿಯ ಬುಡದ ತಂಪು ಉಸುಕಿನಲ್ಲಿ ಒಂದು ಸಣ್ಣ ಹಿತ್ತಾಳೆ ಡಬ್ಬಿ ಹೂತಂತೆ ಇತ್ತು. ಮುಚ್ಚಳ ತೆಗೆದು ಮೂಸಿ, ಇದ್ದಲ್ಲೇ ಇಟ್ಟರು. ಡಬ್ಬಿ ಖಾಲಿಯಿತ್ತು, ಒಳಗೆ ಕಂದು ಗೀರುಗಳಷ್ಟೆ. ದೇವರ ಗೂಡಿನ ಕೆಳಗೆ ನಾಯಿಪಾಲಿನ ಕಲ್ಲುಬಟ್ಟಲು ಬೋರಲು ಬಿದ್ದಿತ್ತು. ಅದನ್ನೂ ನೋಡಿದರು. ತುಕಾರಾಮನೂ ಅವರು ನೋಡಿದ್ದನ್ನೆಲ್ಲ ನೋಡಿದ, ಅವರಿಗೆ ಕಂಡದ್ದು ಮಾತ್ರ ಅವನಿಗೆ ಕಾಣಲಿಲ್ಲ.

ಮೂರನೆಯ ಚಾಕಲೇಟ್ ಕಪಾಟಿನಲ್ಲಿ ಹಾಗೇ ಇತ್ತು. ಬಾಯಿಯವರು ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ, ಒಂದು ತುಂಡು ಮುರಿದರು. "ತುಕಾರಾಮ, ನಿನಗ ಸಿಹಿ ಅಂದ್ರ ಜೀವ. ತಗೋ."

ತುಕಾರಾಮ ದೊಡ್ಡ ತುಂಡನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಮುಂದಿನ ಗಳಿಗೆ ಅವನ ಮುಖ ಹಿಂಡಿದ ನಿಂಬೆಹಣ್ಣಾಯಿತು. "ಬೇವಿನ ತಪ್ಪಲಾ ಇದಕಿಂತ ಚಲೋ! ಪುಣೆ ಮಂದಿ ಹಾಳಾದ ಮಾಲು ಕೊಟ್ಟಾರರಿ!" ಎನ್ನುತ್ತ ಹೊರಗೋಡಿ ಉಗುಳಿ, ಬಾಯಿ ಸರಿ ಮಾಡಿಕೊಳ್ಳಲು ಮೂಲೆಯ ಮಾಶಾಬಿಯ ಅಂಗಡಿಗೆ ಹೋದ.

"ಹಾಲಿನ ಚಾಕಲೇಟ್ ನಾಕು ಕೊಡ ಬೇ," ಎಂದ.

"ನಾಕ ಅದಾವು, ತಗೋ," ಎಂದಳು ಮಾಶಾಬಿ, ಬರಣಿ ಬಗ್ಗಿಸುತ್ತ. "ವಾರದಾಗ ಎರಡ ಬರಣಿ ಖಾಲಿ ಆದುವು. ಈ ಊರಾಗ ಈಗ ಹುಡುಗರಕಿಂತ ಮುದುಕರ ಚಾಕಲೇಟ್ ಹೆಚ್ಚ ತಿಂತಾರ."

ತುಕಾರಾಮ ಎರಡನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡು ಬಂದು, ನಗುತ್ತ ಈ ಮಾತನ್ನು ಬಾಯಿಯವರಿಗೆ ಹೇಳಿದ. ಅವರು ನಗಲಿಲ್ಲ. "ಮಾಶಾಬಿನ್ನೂ ಯಲಗೂರಪ್ಪನ್ನೂ ಕರಕೊಂಡ ಬಾ. ಮುಗೀತು," ಎಂದರು.

ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಬಾಯಿಯವರು ಮಣೆಯ ಮೇಲೆ ಕೂತು ಕಸ್ತೂರಿಯನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಮೊದಲ ಒಂದು ಮಾತು. ಈಕಿ ಹುಗ್ಗಿಯೊಳಗ ಏನೂ ಹಾಕಿಲ್ಲ. ಗಡಿಗಿ ಒಂದ, ಉಂಡವರು ಮನಿಮಂದಿ ಎಲ್ಲಾರೂ, ಸತ್ತದ್ದು ನಾಯಿ ಒಂದ. ಹಂಗಾದ್ರ ನಾಯಿ ಪಾಲಿಗೆ ಮಾತ್ರ ಬಿದ್ದದ್ದು ಏನು? ದ್ರಾಕ್ಷಿ ಎಣ್ಣಿ ಅಲ್ಲ. ಅದಾಗಿದ್ರ ನೊರಿ ಬರತಿತ್ತು, ಅರ್ಧಾ ತಾಸಿನಾಗ ಮುಗೀತಿತ್ತು. ಯಲಗೂರಪ್ಪನ ಹೇಳ್ಯಾನ. ಕೆಂಚ್ಯಾ ನಾಕ ತಾಸು ಆದಮ್ಯಾಲ ಓಡಾಕ ಸುರು ಮಾಡ್ತು, ತೇಕಿತು, ನೀರು ಕುಡೀತು, ಎದಿ ಹೊಡಕೊಂಡಿತು. ವಾಂತಿ ಕಾಫಿ ಬಣ್ಣದ್ದು. ಆದ್ರ ವಾಸನಿ ಕಾಫೀದಲ್ಲ, ಕೋಕೋದ್ದು. ಕೆಂಚ್ಯಾ ತಿಂದದ್ದು ಚಾಕಲೇಟ್."

"ಚಾಕಲೇಟ್ ತಿಂದ ಯಾರರ ಸಾಯ್ತಾರೇನ್ರಿ!" ಎಂದ ಸಿದ್ದರಾಯ.

"ಮನಶ್ಯಾ ಸಾಯೂದಿಲ್ಲ. ಕೋಕೋ ಬೀಜದಾಗ ಥಿಯೋಬ್ರೋಮಿನ್ ಅಂತ ಒಂದು ಅಂಶ ಅದ. ನಮ್ಮ ಮೈ ಅದನ್ನ ಲಗೂ ಕರಗಿಸಿ ಹೊರಗ ಹಾಕತದ. ನಾಯಿ ಮೈಯಾಗ ಅದು ಭಾಳ ಹೊತ್ತು ನಿಲ್ಲತದ, ಎದಿಗೂ ನರಕ್ಕೂ ಏರತದ. ಕಪ್ಪು ಹೆಚ್ಚಾದಷ್ಟೂ ಆ ಅಂಶ ಹೆಚ್ಚು. ನೀ ತಂದದ್ದು ನೂರಕ್ಕ ತೊಂಬತ್ತು ಕೋಕೋ ಇದ್ದದ್ದು."

"ಆದ್ರ ಅದನ್ನ ನಾಯಿಗೆ ಕೊಟ್ಟವರು ಯಾರ್ರಿ?" ಎಂದ ತುಕಾರಾಮ, ತಡೆಯಲಾರದೆ.

"ನೀನ ಅದನ್ನ ತಿಂದು ಬೇವು ಅಂದಿ. ಅವ್ವಾರು ಬೆಲ್ಲ ಅಂದ್ರು. ಇಬ್ಬರೂ ಖರೇನ ಹೇಳೀರಿ. ಅಂದ್ರ ಇಬ್ಬರೂ ತಿಂದದ್ದು ಒಂದ ಪದಾರ್ಥ ಅಲ್ಲ." ಬಾಯಿಯವರು ಮಾಶಾಬಿಯ ಕಡೆ ತಿರುಗಿದರು. "ನಿನ್ನ ಬರಣಿ ಖಾಲಿ ಮಾಡಿದ ಮುದುಕರು ಯಾರು?"

ಮಾಶಾಬಿ ಸೆರಗು ಸರಿಮಾಡಿಕೊಂಡಳು. "ಸಾವಂತ್ರಕ್ಕನರಿ. ದಿನಾ ಹದಿನೈದು, ಇಪ್ಪತ್ತು. ಡಾಕ್ಟರ್ ಚಾಕಲೇಟ್ ತಿನ್ನಾಕ ಹೇಳ್ಯಾರ ಅಂದ್ಲು. ಔಷಧಕ್ಕ ಇಲ್ಲ ಅನ್ನಾಕ ಆಗತೈತೇನ್ರಿ?"

ಎಲ್ಲರೂ ಹೊರಸಿನ ಕಡೆ ನೋಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾಗಿತ್ತು ಊರಿನ ಕಥೆ.

"ಡಾಕ್ಟರ್ ಹೇಳಿದ್ದು ಸಕ್ಕರಿ ಕಡಿಮಿ ಇರೋ ಕಪ್ಪು ಚಾಕಲೇಟ್, ಅದೂ ಒಂದ ತುಂಡು," ಎಂದರು ಬಾಯಿಯವರು. "ವಿಜಯಪುರದಿಂದ ಘೋಣಸಗಿಗೆ ಬರೂದ್ರಾಗ ಕಪ್ಪೂ ಉದುರಿತು, ಸಕ್ಕರಿ ಕಡಿಮಿ ಅನ್ನೂದೂ ಉದುರಿತು, ಬರೇ ಚಾಕಲೇಟ್ ಉಳೀತು. ನಮ್ಮ ಕಡೆ ಹುಣಸಿಹಣ್ಣಿನ ಗೋಲಿಗೂ ಚಾಕಲೇಟ್, ಪೆಪ್ಪರಮಿಂಟಿಗೂ ಚಾಕಲೇಟ್. ಮಾಶಾಬಿ ಬರಣ್ಯಾಗಿಂದರಾಗ ಕೋಕೋ ಅನ್ನೋದ ಇಲ್ಲ. ಸಕ್ಕರಿ, ಹಾಲಿನ ಪುಡಿ, ಎಣ್ಣಿ. ಆ ನಾಕನೂರಾ ಹನ್ನೆರಡು ಬಂದದ್ದು ಅಲ್ಲಿಂದ."

"ಹಂಗಾರ ನಾ ತಂದದ್ದ ಔಷಧ ಆಗಿತ್ತೇನ್ರಿ?" ಸಿದ್ದರಾಯ ಕೇಳಿದ.

"ಔಷಧಾನೂ ಅಲ್ಲಪಾ. ಅದರಾಗ ಕಬ್ಬಿಣ ಅದ, ಮೆಗ್ನೀಸಿಯಂ ಅದ, ನಾರು ಅದ. ರಕ್ತನಾಳಕ್ಕ ಒಂದೀಟು ಒಳ್ಳೇದು ಅಂತಲೂ ಹೇಳ್ತಾರ. ಅದರ ಜೋಡಿ ಕೊಬ್ಬೂ ಅದ. ನೂರು ಗ್ರಾಂ ತಿಂದ್ರ ಆರನೂರು ಕ್ಯಾಲರಿ, ನಾಕೈದು ರೊಟ್ಟಿ ಉಂಡಂಗ. ನಾಲಿಗಿ ಹಟಕ್ಕ ಒಂದ ತುಂಡು ಸಾಕು. ಎರಡ ತಿಂದ್ರ ಎರಡ ಪಟ್ಟು ಗುಣಾ ಅನ್ನೂ ಲೆಕ್ಕ ಹೊಟ್ಟಿಗೆ ಗೊತ್ತಿಲ್ಲ." ಅವರು ಮುದುಕಿಯ ಕಡೆ ಬಾಗಿದರು. ದನಿ ಮೆತ್ತಗಾಯಿತು. "ಅವ್ವಾರ, ಸೊಸಿ ಕೈಯಾಗ ಇಟ್ಟ ತುಂಡು ಎಲ್ಲಿ ಇಡತಿದ್ರಿ?"

ಸಾವಂತ್ರವ್ವ ಎದ್ದು ಕೂತಿದ್ದಳು.

"ಹರವಿ ಬುಡಕ, ಡಬ್ಬ್ಯಾಗ," ಎಂದಳು. "ಮೊದಲ ದಿನಾನ ಬಾಯಾಗ ಇಟ್ಟೆ. ಕಹಿ ಅಂದ್ರ ಕಹಿ. ಕೆಟ್ಟೈತಿ ಅನಕೊಂಡೆ. ಮಗ ಅಷ್ಟ ದೂರದಿಂದ ತಂದಾನ, ಕೆಟ್ಟೈತಿ ಅಂದ್ರ ನೊಂದಕೊಳ್ತಾನ. ಚೆಲ್ಲಬೇಕಂದ್ರ ತಿನ್ನೂ ವಸ್ತು, ಪಾಪ. ಹತ್ತ ದಿನದ್ದು ಕೂಡಿಟ್ಟೆ. ಐತವಾರ ಹುಗ್ಗ್ಯಾಗ ಕಿವುಚಿ, ದೇವರ ಮುಂದ ಇಟ್ಟ, ಕೆಂಚ್ಯಾನ ಪಾಲಿಗೆ ಹಾಕಿದೆ. ಬೆಲ್ಲದ ಜೋಡಿ ತಿಂತು. ಬಟ್ಟಲಾ ನೆಕ್ಕಿ ನೆಕ್ಕಿ ತಿಂತು..." ಅಲ್ಲಿಗೆ ಮಾತು ಒಡೆಯಿತು. "ಮರಿ ಇದ್ದಾಗ ಸೆರಗಿನಾಗ ಇಟ್ಕೊಂಡ ಸಾಕಿದ್ನೆಲ್ಲೋ ಯಪ್ಪಾ! ನನ್ನ ಕೈಯಾರ ಕೊಂದೆ!"

ಇಪ್ಪತ್ತು ತುಂಡು ಎಂದರೆ ನೂರು ಗ್ರಾಮಿನ ಎರಡು ಚಾಕಲೇಟ್, ಇನ್ನೂರು ಗ್ರಾಂ. ತುಕಾರಾಮ ಮನಸ್ಸಿನಲ್ಲೇ ಕೂಡಿಸಿ ನೋಡಿದ. ಇಷ್ಟು ವರ್ಷದಲ್ಲಿ ಬಾಯಿಯವರು ಗುಟ್ಟು ಬಿಡಿಸಿದಾಗೆಲ್ಲ ಅವನಿಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಗುತ್ತಿತ್ತು. ಇಂದು ಹಿಡಿದು ಕೊಡಲು ಕಳ್ಳನೇ ಇರಲಿಲ್ಲ. ಮಗನ ಪ್ರೀತಿ, ತಾಯಿಯ ಸಂಕೋಚ, ದೇವರ ಭಯ, ಎಲ್ಲವೂ ಒಳ್ಳೆಯವೇ. ಅವೆಲ್ಲ ಸೇರಿ ಒಂದು ನಾಯಿಯನ್ನು ಕೊಂದು, ಒಬ್ಬ ಹೆಣ್ಣುಮಗಳನ್ನು ಬೀದಿಗೆ ತಂದಿದ್ದವು.

ಸಿದ್ದರಾಯ ಕೊನೆಗೂ ಕಂಬ ಬಿಟ್ಟು ಬಂದ. ತಲೆ ತಗ್ಗಿಸಿ ಟ್ರಂಕಿನ ಹಿಡಿಕೆಗೆ ಕೈ ಹಾಕಿದ. "ತಪ್ಪಾತು ಕಸ್ತೂರಿ. ಒಳಗ ಇಡ್ತೀನಿ."

"ಬ್ಯಾಡ," ಎಂದಳು ಕಸ್ತೂರಿ.

ಅವಳು ಎದ್ದು ನಿಂತಳು. ದನಿ ಏರಲಿಲ್ಲ, ಅಳುವೂ ಇರಲಿಲ್ಲ.

"ಎರಡ ದಿನಾ ಈ ಮನ್ಯಾಗ ನನ್ನ ಕೈಯಾಗಿನ ನೀರು ಯಾರೂ ಮುಟ್ಟಿಲ್ಲ. ವಿಷಾ ಹಾಕಿದಾಕಿ ಅನ್ನೂ ಸುದ್ದಿ ಜೈನಾಪುರ ಮುಟ್ಟೈತಿ. ಅದು ಖೊಟ್ಟಿ ಅನ್ನೂ ಸುದ್ದೀನೂ ಅಲ್ಲಿ ಮುಟ್ಟಬೇಕು. ನಾ ತವರಿಗೆ ಹೋಗ್ತೀನಿ. ನಿಮಗ ನಾ ಬೇಕಾದ್ರ ಬಂದು, ನಮ್ಮವ್ವನ ಮುಂದ ನಿಂತು ಕರೀರಿ. ನಾನ ಆಗಿ ಈ ಹೊಸ್ತಿಲಾ ತುಳಿಯಂಗಿಲ್ಲ." ಅವಳು ತಮ್ಮನಿಗೆ ಸನ್ನೆ ಮಾಡಿದಳು. "ಸೋಮು, ಟ್ರಂಕ ಬೈಕಿನ ಮ್ಯಾಲ ನಿಲ್ಲಂಗಿಲ್ಲ. ಆಟೋದಾಗ ಇಡು."

ಯಾರೂ ತಡೆಯಲಿಲ್ಲ. ತುಕಾರಾಮ ಬಾಯಿಯವರ ಮುಖ ನೋಡಿದ. ಅವರು ನಡಿ ಎಂಬಂತೆ ಕಣ್ಣು ಮಾಡಿ ತಾವು ಮುಂದೆ ಅವನ ಪಕ್ಕದಲ್ಲೇ ಇಕ್ಕಟ್ಟಾಗಿ ಕೂತರು. ಕಸ್ತೂರಿ ಹಿಂದಿನ ಸೀಟಿನಲ್ಲಿ ಕೂತು ಟ್ರಂಕನ್ನು ಪಕ್ಕಕ್ಕೆ ಎಳೆದುಕೊಂಡಳು.

ತುಕಾರಾಮ ಆಟೋ ಚಾಲೂ ಮಾಡುವಷ್ಟರಲ್ಲಿ ಯಾರೋ ಹಿಂದಿನ ಸರಳು ಹಿಡಿದರು. ತಿರುಗಿ ನೋಡಿದರೆ ಸಾವಂತ್ರವ್ವ. ತಲೆ ಬಾಚಿರಲಿಲ್ಲ, ಕಾಲಲ್ಲಿ ಒಂದು ಚಪ್ಪಲಿ ಅವಳದು, ಇನ್ನೊಂದು ಮಗನದು.

"ಅವ್ವಾ, ನಿನಗ ಆರಾಮಿಲ್ಲ, ಎಲ್ಲಿಗೆ?" ಸಿದ್ದರಾಯ ಓಡಿ ಬಂದ.

"ಜೈನಾಪುರಕ್ಕ," ಎಂದಳು ಮುದುಕಿ, ತೇಕುತ್ತ. "ಆಕಿ ಅವ್ವನ ಮುಂದ ನಿಂತ ಕರೀಬೇಕಂತ. ನಾಳಿ, ನಾಡದು ಅಂದ್ರ ನನ್ನ ಧೈರ್ಯ ಇರಂಗಿಲ್ಲ. ಈಗ ಕರೀತೀನಿ."

ಕಸ್ತೂರಿ ಬಹಳ ಹೊತ್ತು ಅತ್ತೆಯ ಕಡೆ ನೋಡಲಿಲ್ಲ. ಆಟೋ ತಟತಟ ಎನ್ನುತ್ತ ನಿಂತೇ ಇತ್ತು. ಆಮೇಲೆ ಅವಳು ಟ್ರಂಕನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಸರಿದು ಕೂತಳು.